ಎರಡು ಕ್ಲೇಮ್ ಮಾಡಿದ್ದಕ್ಕೆ ಕಾರಿನ ಪಾಲಿಸಿ ರದ್ದೇ?

ತುಮಕೂರಿನಲ್ಲಿ ವಾಹನ ವಿಮೆ ಮಾಡಿಸುವ ಏಜೆಂಟ್ ನಾನು. ಶಿರಾ ಗೇಟ್ ಕಡೆಯ ಗ್ರಾಹಕರೊಬ್ಬರ ಕಾರಿಗೆ ಒಂದೇ ವರ್ಷದಲ್ಲಿ ಎರಡು ಕ್ಲೇಮ್ ಆದವು. ಮೊದಲನೆಯದು, ಕ್ಯಾತ್ಸಂದ್ರದ ಟೋಲ್ ಹತ್ತಿರ ಲಾರಿ ಹಿಂದಿನಿಂದ ತಾಗಿದ್ದು. ಎರಡನೆಯದು, ಗುಬ್ಬಿಯ ಮಾವನ ತೋಟದಲ್ಲಿ ತೆಂಗಿನಕಾಯಿ ಬಿದ್ದು ಮುಂದಿನ ಗಾಜು ಒಡೆದದ್ದು. (ಮರದ ಕೆಳಗೆ ಕಾರು ನಿಲ್ಲಿಸಬೇಡಿ ಅಂತ ನಮ್ಮ ಜಿಲ್ಲೆಯಲ್ಲಿ ಯಾರಿಗೆ ಹೇಳೋಣ!) ಎರಡಕ್ಕೂ ಸರ್ವೇಯರ್ ನೋಡಿಹೋದರು, ಕಂಪನಿ ದುಡ್ಡೂ ಕೊಟ್ಟಿತು. ಆಮೇಲೆ ಬಂತು ಇ-ಮೇಲ್: ರಿಸ್ಕ್ ಹೆಚ್ಚಾಗಿದೆ, ಇವತ್ತಿನಿಂದ ಪಾಲಿಸಿ ರದ್ದು, ಕ್ಲೇಮ್ ಆಗಿರುವುದರಿಂದ ಪ್ರೀಮಿಯಂ ವಾಪಸಿಲ್ಲ.

ಏಳು ದಿನದ ನೋಟಿಸ್ ಕೊಟ್ಟು ಕಂಪನಿ ರದ್ದು ಮಾಡಬಹುದು ಎಂಬ ಷರತ್ತು ಹಳೆಯ ಪಾಲಿಸಿಗಳಲ್ಲಿ ಇತ್ತು. 2024ರ ಜೂನ್‌ನಲ್ಲಿ ವಿಮಾ ಕಂಪನಿಗಳ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಹೊರಡಿಸಿದ ಮಾಸ್ಟರ್ ಸರ್ಕ್ಯುಲರ್ ಆ ಬಾಗಿಲನ್ನು ಬಹಳ ಕಿರಿದು ಮಾಡಿದೆ. ಸಾಮಾನ್ಯ ಗ್ರಾಹಕರ ಪಾಲಿಸಿಯನ್ನು ವಂಚನೆ ಸಾಬೀತಾದರೆ ಮಾತ್ರ ರದ್ದು ಮಾಡಬಹುದು, ಅದಕ್ಕೂ ಕನಿಷ್ಠ ಏಳು ದಿನದ ನೋಟಿಸ್ ಬೇಕು. ಗ್ರಾಹಕರಾದರೋ ಕಾರಣ ಹೇಳದೆ ಯಾವಾಗ ಬೇಕಾದರೂ ಬಿಡಬಹುದು. ಕ್ಲೇಮ್ ಜಾಸ್ತಿ ಆಯಿತು ಅನ್ನುವುದು ವಂಚನೆ ಹೇಗಾದೀತು? ಅದೇ ಕಂಪನಿ ಒಪ್ಪಿ ಹಣ ಕೊಟ್ಟ ಕ್ಲೇಮ್‌ಗಳವು.

ಗ್ರಾಹಕರು ಫೋನ್‌ನಲ್ಲಿ ಜಗಳಕ್ಕೆ ಸಿದ್ಧರಾಗಿದ್ದರು. ಬೇಡ, ಬರವಣಿಗೆಯಲ್ಲೇ ಹೋಗೋಣ ಎಂದೆ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಅವರ ಹೆಸರಲ್ಲೇ ಪತ್ರ ಬರೆದುಕೊಟ್ಟೆ. ಯಾವ ವಂಚನೆ, ಅದು ಹೇಗೆ ಸಾಬೀತಾಯಿತು, ಏಳು ದಿನದ ನೋಟಿಸ್ ಯಾವತ್ತು ಕಳಿಸಿದಿರಿ, ಇಷ್ಟೇ ಪ್ರಶ್ನೆ. ಉತ್ತರವಿಲ್ಲದಿದ್ದರೆ ರದ್ದಾದ ದಿನದಿಂದಲೇ ಪಾಲಿಸಿ ಚಾಲ್ತಿಗೆ ಬರಬೇಕು ಎಂದೂ ಸೇರಿಸಿದೆ. ಎರಡೂ ಕ್ಲೇಮ್‌ಗಳ ಸೆಟಲ್‌ಮೆಂಟ್ ಪತ್ರ ಲಗತ್ತಿಸಿದೆ. ಅದೇ ದೂರನ್ನು ಐಆರ್‌ಡಿಎಐನ ದೂರು ಪೋರ್ಟಲ್ ಬಿಮಾ ಭರೋಸಾಕ್ಕೂ ಹಾಕಿಸಿದೆ.

ಅಲ್ಲಿಯವರೆಗೆ ಕಾರು ಶೆಡ್ಡಿನಲ್ಲೇ ಇರಲಿ ಎಂದೆ, ಅವರಿಗೆ ಸಿಟ್ಟು ಬಂತು. ವಿಮೆಯಿಲ್ಲದೆ ಮೊದಲ ಸಲ ಸಿಕ್ಕಿಬಿದ್ದರೆ 2,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲಿಗೂ ಕಾನೂನಿನಲ್ಲಿ ಅವಕಾಶವಿದೆ. ದಂಡ ಹೋಗಲಿ, ಯಾರಿಗಾದರೂ ಗುದ್ದಿದರೆ ಪರಿಹಾರದ ಭಾರ ಮಾಲೀಕರ ತಲೆಗೇ ಬರುವ ಭಯವಿತ್ತು.

ಚೆಕ್ ಬೌನ್ಸ್ ಆಗಿ ರದ್ದಾಗುವ ಪಾಲಿಸಿಯ ಕಥೆಯೇ ಬೇರೆ. ಪ್ರೀಮಿಯಂ ಕೈಗೆ ಬರದೆ ರಿಸ್ಕ್ ಹೊರುವಂತಿಲ್ಲ ಎಂದು 1938ರ ವಿಮಾ ಕಾಯ್ದೆಯ 64ವಿಬಿ ಸೆಕ್ಷನ್ ಹೇಳುತ್ತದೆ. ಅಲ್ಲಿ ನಮ್ಮ ಕಾರಿನ ರಿಪೇರಿ ಹಣ ಕೇಳಿ ಪ್ರಯೋಜನವಿಲ್ಲ. ಆದರೆ ರದ್ದಾದ ಸುದ್ದಿ ಮಾಲೀಕರಿಗೆ ಮುಟ್ಟುವ ಮುಂಚೆಯೇ ಅಪಘಾತವಾದರೆ, ಗಾಯಗೊಂಡ ಮೂರನೆಯವರಿಗೆ ಕಂಪನಿ ಪರಿಹಾರ ಕೊಡಲೇಬೇಕು ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿಕಾಣದಿದ್ದರೆ, ಕಂಪನಿ ವಿರುದ್ಧದ ಗ್ರಾಹಕರ ದೂರು ಇತ್ಯರ್ಥ ಮಾಡುವ, ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗುವುದೆಂದು ನಿಶ್ಚಯಿಸಿ ಅರ್ಜಿಯನ್ನೂ ತಯಾರಿಟ್ಟಿದ್ದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ಅಷ್ಟರೊಳಗೆ ಕಂಪನಿಯಿಂದ ಎರಡೇ ಸಾಲಿನ ಮೇಲ್ ಬಂತು: ಪಾಲಿಸಿಯನ್ನು ಮೊದಲಿನಂತೆ ಮುಂದುವರಿಸಲಾಗಿದೆ. ಕಾರಣವೂ ಇಲ್ಲ, ಕ್ಷಮೆಯೂ ಇಲ್ಲ. ರಿನೀವಲ್‌ನಲ್ಲಿ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಹೇಗೂ ಹೋಗಿತ್ತು. ಅವರನ್ನು ಬೇರೆ ಕಂಪನಿಗೆ ದಾಟಿಸಿದೆ, ಹೊಸ ಪ್ರಪೋಸಲ್‌ನಲ್ಲಿ ಎರಡೂ ಕ್ಲೇಮ್‌ಗಳನ್ನು ನಾನೇ ಎದುರು ಕೂತು ಬರೆಸಿದೆ.