ಮಲ್ಪೆಗೆ ಬಂದಾಗ ಹೊರದೇಶದ ಊಟ: ಆರ್ಡರ್ ಮಾಡುವ ಮುನ್ನ

ಮಲ್ಪೆ ಬೀಚಿನ ಆಸುಪಾಸಿನಲ್ಲಿ ಮೀನೂಟದ್ದೇ ಕಾರುಬಾರು. ಥಾಯ್, ಇಟಾಲಿಯನ್, ಕೊರಿಯನ್ ರುಚಿ ಬೇಕಿದ್ದರೆ ಸುಮಾರು 10 ಕಿ.ಮೀ. ದೂರದ ಮಣಿಪಾಲದಲ್ಲಿ ಹುಡುಕಿ. ಹಲವು ದೇಶಗಳ ವಿದ್ಯಾರ್ಥಿಗಳು ಓದುವ ಊರದು. ವಾಪಸ್ ಬರಲು ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಹೋಗುವಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ.

ಮೆನುವಿನಲ್ಲಿ ಹತ್ತು ದೇಶಗಳ ಹೆಸರಿದ್ದರೆ ಸ್ವಲ್ಪ ಹುಷಾರು. ಒಂದೇ ಅಡುಗೆಯನ್ನು ಚೆನ್ನಾಗಿ ಮಾಡುವ ಜಾಗವೇ ಮೇಲು.

ಮೊದಲ ಸಲಕ್ಕೆ ಥಾಯ್ ಗ್ರೀನ್ ಕರಿ ಒಳ್ಳೆಯದು. ತೆಂಗಿನಹಾಲು, ಅನ್ನ ಎರಡೂ ನಮ್ಮ ನಾಲಿಗೆಗೆ ಪರಿಚಿತ. ಸಸ್ಯಾಹಾರಿಗಳು ‘ವೆಜ್’ ಎಂದರಷ್ಟೇ ಸಾಲದು. ಫಿಶ್ ಸಾಸ್, ಸಿಗಡಿ ಪೇಸ್ಟ್ ಬೇಡವೆಂದು ಬಿಡಿಸಿ ಹೇಳಿ, ಕರಿ ಪೇಸ್ಟಿನಲ್ಲೇ ಅದು ಸೇರಿರಬಹುದು. ಟಾಮ್ ಯಮ್ ಸೂಪಿನಲ್ಲಿ ತೇಲುವ ಮಜ್ಜಿಗೆಹುಲ್ಲಿನ ತುಂಡು, ಬೇರಿನ ಬಿಲ್ಲೆ, ದಪ್ಪ ಎಲೆ ಪರಿಮಳಕ್ಕೆ ಮಾತ್ರ. ಕರಿಬೇವಿನಂತೆ ಬದಿಗಿಡಿ.

ಬೊಂಡಾಸಿನ (ಸ್ಕ್ವಿಡ್) ರಿಂಗ್ಸ್ ಜಗಿದರೂ ಜಗಿದರೂ ಮುಗಿಯದಿದ್ದರೆ ಬೆಂದದ್ದು ಹೆಚ್ಚಾಗಿದೆ. ಕಾದ ಎಣ್ಣೆಯಲ್ಲಿ ಅದಕ್ಕೆ ಒಂದೆರಡು ನಿಮಿಷ ಸಾಕು.

ಜಪಾನಿನ ಸುಶಿಯ ಹಸಿ ಮೀನಿನ ವಿಷಯದಲ್ಲಿ ಸಂಕೋಚ ಬೇಡ, ಅದನ್ನು ಫ್ರೀಜ್ ಮಾಡಿಟ್ಟಿದ್ದರೇ ಎಂದು ಕೇಳಿ. ಪರಾವಲಂಬಿ ಹುಳು ಸಾಯಲು ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡಬೇಕು. ‘ಇವತ್ತಷ್ಟೇ ಬಂದ ಮೀನು’ ಎಂಬುದು ಇಲ್ಲಿ ಸಮಾಧಾನದ ಉತ್ತರವಲ್ಲ. ಸ್ಪಷ್ಟ ಉತ್ತರ ಸಿಗದಿದ್ದರೆ ಸೌತೆಕಾಯಿಯದ್ದೋ ಬೆಂದ ಸಿಗಡಿಯದ್ದೋ ತಗೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವುದಿಲ್ಲ, ಆಗ ತಾಜಾ ಮೀನು ಕಡಿಮೆ.

ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿದೆಯೇ ನೋಡಿ. ಅದು ಕಡ್ಡಾಯವಲ್ಲ, ತೆಗೆಸಬಹುದು.