ಅನಿಮೇಷನ್ ಚಿತ್ರ ಮುಗೀತಾ? ಇನ್ನು ಉತ್ಸವಕ್ಕೆ ಕಳಿಸುವ ಕೆಲಸ

ಎಂಟು ನಿಮಿಷದ ಚಿತ್ರಕ್ಕೆ ಸೆಕೆಂಡಿಗೆ ಹನ್ನೆರಡರ ಲೆಕ್ಕ ಹಿಡಿದರೂ 5,760 ಚಿತ್ರ ಬರೆಯಬೇಕು. ಅಷ್ಟನ್ನೂ ತಾಳ್ಮೆಯಿಂದ ಬರೆದವರು ಉತ್ಸವದ ಅರ್ಜಿಯನ್ನು ಮಾತ್ರ ಕೊನೇ ದಿನ ರಾತ್ರಿ ಹನ್ನೊಂದಕ್ಕೆ ಕೂತು ತುಂಬುತ್ತಾರೆ. ನಾನೂ ಹಾಗೆ ಮಾಡಿದವನೇ. ಅದಕ್ಕೇ ಈ ಲೇಖನ.

ಯೂಟ್ಯೂಬ್ ಸ್ವಲ್ಪ ಕಾಯಲಿ

ರೆಂಡರ್ ಮುಗಿದ ಖುಷಿಯಲ್ಲಿ ಚಿತ್ರವನ್ನು ನೆಟ್‌ಗೆ ಏರಿಸಿಬಿಡಬೇಡಿ. ಕೆಲವು ಉತ್ಸವಗಳು ಇದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ, ಕೆಲವು ಒಪ್ಪುವುದೇ ಇಲ್ಲ. ಆಸ್ಕರ್ ಮೇಲೆ ಕಣ್ಣಿದ್ದರಂತೂ ಅರ್ಹತೆ ಸಿಗುವ ಮೊದಲು ಚಿತ್ರ ನೆಟ್‌ನಲ್ಲಾಗಲಿ ಟೀವಿಯಲ್ಲಾಗಲಿ ಬಂದಿರಬಾರದು. ಸದ್ಯಕ್ಕೆ ವಿಮಿಯೋ ಎಂಬ ವಿಡಿಯೋ ತಾಣದಲ್ಲಿ ಹಾಕಿ, ಪಾಸ್‌ವರ್ಡ್ ಇರುವ ಲಿಂಕ್ ಕೊಟ್ಟರೆ ಸಾಕು.

ಮೊದಲ ಪ್ರದರ್ಶನ ಎಲ್ಲಿ ಅನ್ನುವುದನ್ನೂ ಈಗಲೇ ಯೋಚಿಸಿ. ‘ನಮ್ಮಲ್ಲೇ ಮೊದಲು ತೋರಿಸಬೇಕು’ ಎಂಬ ಷರತ್ತು ಹಾಕುವವರಿದ್ದಾರೆ. ಚಿಕ್ಕ ಕಡೆ ಅವಸರದಲ್ಲಿ ತೋರಿಸಿದರೆ ಅಂಥ ದೊಡ್ಡ ಕಡೆಯ ಬಾಗಿಲು ಮುಚ್ಚಿತು.

ಎಲ್ಲಿಗೆ ಕಳಿಸುವುದು?

ಫ್ರಾನ್ಸ್‌ನ ಆನ್ಸಿ ಉತ್ಸವ 1960ರಲ್ಲಿ ಶುರುವಾದದ್ದು. ಈಗ ಪ್ರತಿ ಜೂನ್‌ನಲ್ಲಿ ನಡೆಯುತ್ತದೆ. ಅನಿಮೇಷನ್‌ನವರಿಗೆ ಅದೇ ದೊಡ್ಡ ಜಾತ್ರೆ, ಪೈಪೋಟಿಯೂ ಹಾಗೇ. ನಮ್ಮಲ್ಲಿ ‘ಮಿಫ್’, ಅಂದರೆ ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವ ಇದೆ. 1990ರಲ್ಲಿ ಆರಂಭವಾದ ಇದು ಸಾಕ್ಷ್ಯಚಿತ್ರ, ಕಿರುಚಿತ್ರ, ಅನಿಮೇಷನ್‌ಗೆಂದೇ ಎರಡು ವರ್ಷಕ್ಕೊಮ್ಮೆ ನಡೆಯುವ ಉತ್ಸವ. ಬೆಂಗಳೂರು ಅಂತರರಾಷ್ಟ್ರೀಯ ಕಿರುಚಿತ್ರೋತ್ಸವವಂತೂ ಆಸ್ಕರ್ ಅರ್ಹತೆಯ ಪಟ್ಟಿ ಸೇರಿದೆ. ಅಂದರೆ ಅಲ್ಲಿ ಗೊತ್ತುಪಡಿಸಿದ ಪ್ರಶಸ್ತಿ ಗೆದ್ದವರು ಆಸ್ಕರ್‌ಗೆ ಅರ್ಜಿ ಹಾಕಬಹುದು, ಅಷ್ಟೇ. ಆಸ್ಕರ್ ಲೆಕ್ಕದಲ್ಲಿ ಕಿರುಚಿತ್ರವೆಂದರೆ ಕೊನೆಯ ಹೆಸರುಗಳೂ ಸೇರಿ 40 ನಿಮಿಷದೊಳಗೆ.

ಬಹಳಷ್ಟು ಅರ್ಜಿಗಳು ಫಿಲ್ಮ್‌ಫ್ರೀವೇ ಎಂಬ ತಾಣದಲ್ಲಿ ಹೋಗುತ್ತವೆ. ಸಾಮಾನ್ಯವಾಗಿ ಬೇಗ ಹಾಕಿದರೆ ಶುಲ್ಕ ಕಡಿಮೆ, ತಡವಾದಷ್ಟೂ ಜಾಸ್ತಿ. ಹಣ ಹೆಚ್ಚಾಗಿ ಡಾಲರ್‌ನಲ್ಲಿ ಹೋಗುವುದರಿಂದ ಕಾರ್ಡ್‌ನಲ್ಲಿ ವಿದೇಶಿ ಪಾವತಿ ಆನ್ ಆಗಿದೆಯಾ ಅಂತ ಮೊದಲೇ ನೋಡಿಕೊಳ್ಳಿ. ಇಲ್ಲೇ ಒಂದು ಎಚ್ಚರಿಕೆ. ತಿಂಗಳಿಗೊಮ್ಮೆ ಪ್ರಶಸ್ತಿ ಹಂಚುವ, ಬಂದವರಿಗೆಲ್ಲ ಪೋಸ್ಟರ್ ಮೇಲೆ ಹಾಕಿಕೊಳ್ಳುವ ಎಲೆಗರಿಯ ಲಾಂಛನ ಕೊಡುವ ‘ಉತ್ಸವ’ಗಳು ಬೇಕಾದಷ್ಟಿವೆ. ಹೋದ ವರ್ಷ ಯಾವ ಸಭಾಂಗಣದಲ್ಲಿ, ಯಾವ ಹೊತ್ತಿಗೆ, ಯಾವ ಚಿತ್ರ ತೋರಿಸಿದರು ಅಂತ ಹುಡುಕಿ. ಆ ಪಟ್ಟಿ ಸಿಗಲಿಲ್ಲವೆಂದರೆ ದುಡ್ಡು ಜೇಬಲ್ಲೇ ಇರಲಿ. ಐವತ್ತು ಕಡೆ ಕಣ್ಣುಮುಚ್ಚಿ ಕಳಿಸುವ ಬದಲು ಎಂಟು ಹತ್ತು ಕಡೆ ನಿಯಮ ಓದಿ ಕಳಿಸುವುದು ವಾಸಿ. ಚಿತ್ರ ಯಾವ ದಿನಾಂಕದ ನಂತರ ಮುಗಿದಿರಬೇಕು, ವಿದ್ಯಾರ್ಥಿ ವಿಭಾಗ ಬೇರೆ ಇದೆಯಾ, ಎಐ ಬಳಸಿದ್ದರೆ ಹೇಳಬೇಕಾ, ಇವೆಲ್ಲ ಅಲ್ಲೇ ಇರುತ್ತವೆ.

ಕನ್ನಡ ಅಕ್ಷರದ ಕಿರಿಕಿರಿ

ನಿಮ್ಮ ಚಿತ್ರದ ಹೆಸರು ‘ಅಜ್ಜನ ಹಕ್ಕಿ’ ಅಂತಿಟ್ಟುಕೊಳ್ಳಿ. ಆಫ್ಟರ್ ಎಫೆಕ್ಟ್ಸ್ ಎಂಬ ತಂತ್ರಾಂಶದಲ್ಲಿ ಟೈಪ್ ಮಾಡಿದಾಗ ಅದು ‘ಅಜ್‌ಜನ ಹಕ್‌ಕಿ’ ಆಗಿ ಕೂತಿರಬಹುದು. ಒತ್ತಕ್ಷರ ಒಡೆದದ್ದು ವಿದೇಶಿ ತೀರ್ಪುಗಾರರಿಗೆ ಗೊತ್ತಾಗದೇ ಇರಬಹುದು. ನಮ್ಮೂರಿನ ಸಭಾಂಗಣದಲ್ಲಿ ಮಾತ್ರ ನಗು ಏಳುತ್ತದೆ. ಅದರ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಅಕ್ಷರ ಜೋಡಿಸುವ ಎಂಜಿನ್ ಆರಿಸಿದರೆ ಸರಿಹೋಗುತ್ತದೆ. ‘ನುಡಿ’ ತಂತ್ರಾಂಶದ ಹಳೇ ಎನ್‌ಕೋಡಿಂಗ್‌ನಲ್ಲಿ ಬರೆದ ಸಂಭಾಷಣೆಯನ್ನು ಯೂನಿಕೋಡ್‌ಗೆ ಬದಲಿಸಿಯೇ ಸಬ್‌ಟೈಟಲ್ ಫೈಲಿಗೆ ಹಾಕಿ. ಇಲ್ಲದಿದ್ದರೆ ಪರದೆ ತುಂಬ ಬರೀ ಚಿತ್ರವಿಚಿತ್ರ ಗುರುತು.

ಇಂಗ್ಲಿಷ್ ಸಬ್‌ಟೈಟಲ್ ಎರಡು ಸಾಲು ಮೀರದಿರಲಿ. ‘ಅಯ್ಯೋ ಬಿಡು ಮಾರಾಯ’ ಅನ್ನುವುದನ್ನು ಪದಕ್ಕೆ ಪದ ಇಳಿಸಲು ಹೋಗಬೇಡಿ. ಪಾತ್ರದ ಭುಜ ಕುಣಿದರೆ ಅರ್ಧ ಅರ್ಥ ಅಲ್ಲೇ ಬಂತು.

ಕಥೆ ಎರಡು ಸಾಲಲ್ಲಿ

‘ಮಾನವೀಯ ಸಂಬಂಧಗಳ ಸೂಕ್ಷ್ಮ ಅನ್ವೇಷಣೆ’ ಅಂತ ಸಾರಾಂಶ ಬರೆದರೆ ಯಾರಿಗೂ ಏನೂ ಕಾಣುವುದಿಲ್ಲ. ಹೀಗೆ ಬರೆದು ನೋಡಿ: ‘ಪಂಜರದ ಗಿಳಿಯನ್ನು ಹಾರಿಬಿಟ್ಟ ಮೊಮ್ಮಗಳು, ಕಣ್ಣು ಮಂಜಾದ ಅಜ್ಜನಿಗೆ ತಿಳಿಯಬಾರದೆಂದು ಮೂರು ದಿನ ತಾನೇ ಗಿಳಿಯಾಗಿ ಮಾತಾಡುತ್ತಾಳೆ.’ ನೋಡಬೇಕು ಅನಿಸುತ್ತದೆ ಅಲ್ವಾ? ಇದರ ಜೊತೆಗೆ ಪೋಸ್ಟರ್, ಮೂರು ನಾಲ್ಕು ಸ್ಟಿಲ್, ನಿಮ್ಮ ಬಗ್ಗೆ ನಾಲ್ಕು ಸಾಲು ಇದ್ದರೆ ಆಯಿತು.

ಸಂಗೀತಕ್ಕೆ ಸ್ನೇಹಿತನೇ ರಾಗ ಹಾಕಿದ್ದರೂ ಒಂದು ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಚಿತ್ರದ ಅಜ್ಜ ಹಳೇ ಸಿನಿಮಾ ಹಾಡು ಸುಮ್ನೆ ಗುನುಗಿದರೂ ಹಕ್ಕಿನ ಪ್ರಶ್ನೆ ಬರುತ್ತದೆ.

ಲಿಂಕ್ ಕಳಿಸಿದ ಮೇಲೆ ಪಾಸ್‌ವರ್ಡ್ ಮುಟ್ಟಬೇಡಿ. ಯಾರೋ ಗೆಳೆಯ ಹಂಚಿಬಿಟ್ಟನೆಂದು ನಾನು ಮಧ್ಯದಲ್ಲಿ ಬದಲಾಯಿಸಿದೆ. ಆರು ಉತ್ಸವಕ್ಕೆ ಹಳೇ ಪಾಸ್‌ವರ್ಡೇ ಹೋಗಿತ್ತು. ಎರಡು ತಿಂಗಳಾದ ಮೇಲೆ ವಿಮಿಯೋದಲ್ಲಿ ಎಷ್ಟು ಜನ ನೋಡಿದರೆಂಬ ಲೆಕ್ಕ ತೆಗೆದರೆ ಒಬ್ಬರೂ ಚಿತ್ರ ನೋಡಿರಲಿಲ್ಲ! ಶುಲ್ಕ ಹೋದದ್ದು ಹೋಯಿತು.

ಆಯ್ಕೆಯಾದರೆ

ಆಗ ಥಿಯೇಟರ್‌ಗೆಂದು ಡಿಸಿಪಿ ಕೇಳುತ್ತಾರೆ, ಅಂದರೆ ಥಿಯೇಟರ್‌ನ ಪ್ರೊಜೆಕ್ಟರ್‌ನಲ್ಲಿ ಓಡಿಸುವ ಡಿಜಿಟಲ್ ಫೈಲುಗಳ ಕಟ್ಟು. ಡಿಸಿಪಿ-ಓ-ಮ್ಯಾಟಿಕ್ ಎಂಬ ಉಚಿತ ತಂತ್ರಾಂಶದಲ್ಲಿ ನೀವೇ ಮಾಡಿಕೊಳ್ಳಬಹುದು. ಚಿತ್ರ ಸೆಕೆಂಡಿಗೆ 24 ಫ್ರೇಮ್‌ನಲ್ಲಿದ್ದರೆ ಸಲೀಸು (ಬರೆದದ್ದು ಹನ್ನೆರಡೇ ಆದರೂ ಒಂದೊಂದೂ ಎರಡು ಫ್ರೇಮ್ ನಿಂತರೆ 24 ಆಯಿತು). 30ರಲ್ಲಿ ಮಾಡಿದ್ದನ್ನು 24ಕ್ಕೆ ಇಳಿಸಿದರೆ ಕ್ಯಾಮೆರಾ ಸರಿಯುವ ಕಡೆಯೆಲ್ಲ ಚಿತ್ರ ಜರ್ಕ್ ಹೊಡೆಯುತ್ತದೆ. ಹಾಗಾಗಿ ಈ ತೀರ್ಮಾನ ಮೊದಲ ಚಿತ್ರ ಬರೆಯುವ ದಿನವೇ ಆಗಬೇಕು.

ಕಳಿಸುವ ಮುನ್ನ ಊರಿನ ಯಾವುದಾದರೂ ಟಾಕೀಸಿನವರನ್ನು ಬೆಳಗಿನ ಆಟಕ್ಕೆ ಮುಂಚೆ ಹದಿನೈದು ನಿಮಿಷ ಕೇಳಿಕೊಳ್ಳಿ. ಮನೆ ಮಾನಿಟರ್‌ನಲ್ಲಿ ಚೆನ್ನಾಗಿ ಕಂಡ ರಾತ್ರಿಯ ದೃಶ್ಯ ದೊಡ್ಡ ಪರದೆಯಲ್ಲಿ ಬರೀ ಕಪ್ಪಾಗಿ, ಗಿಳಿಯೇ ಕಾಣದೆ ಹೋಗಬಹುದು. ಹಿಂದಿನ ಸಾಲಲ್ಲಿ ಕೂತು ನೋಡಿ. ಅಲ್ಲಿಗೂ ಸಬ್‌ಟೈಟಲ್ ಓದಲು ಬಂದರೆ ಫೈಲು ಕಳಿಸಿ.