ಫೈಬ್ರಾಯ್ಡ್ ತೆಗೆಸಿದ ಮೇಲೂ ಆಪರೇಷನ್ ಫೈಲ್ ಜೋಪಾನ ಮಾಡಿ

ಕೀಹೋಲ್ ಆಪರೇಷನ್‌ನಲ್ಲಿ ಫೈಬ್ರಾಯ್ಡ್ (ಗರ್ಭಕೋಶದಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ) ತೆಗೆಸಿ ಆರು ವರ್ಷ ಆಗಿತ್ತು. ಒಂದು ದಿನ ಸ್ನಾನ ಮಾಡುವಾಗ, ಹೊಟ್ಟೆಯ ಎಡಗಡೆ ಹಳೇ ಕಲೆಯ ಕೆಳಗೆ ಗೋಲಿಯಷ್ಟು ಗಟ್ಟಿ ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ. ಕೊಬ್ಬಿನ ಗಡ್ಡೆ ಇರಬೇಕು ಅಂತ ಒಂದು ವರ್ಷ ಸುಮ್ನೆ ಇದ್ದುಬಿಟ್ಟೆ. ತೆಗೆದು ಬಯಾಪ್ಸಿಗೆ ಕಳಿಸಿದಾಗ ಗೊತ್ತಾಯಿತು, ಅದೂ ಫೈಬ್ರಾಯ್ಡೇ. ಗರ್ಭಕೋಶದಲ್ಲಲ್ಲ, ಹೊಟ್ಟೆಯ ಗೋಡೆಯಲ್ಲಿ!

ದೊಡ್ಡ ಗಡ್ಡೆ ಸಣ್ಣ ತೂತಿನಲ್ಲಿ ಹೊರಗೆ ಬರೋದಿಲ್ಲ ಅಲ್ವಾ? ಅದಕ್ಕೇ ಮಾರ್ಸಲೇಟರ್ ಎಂಬ ಯಂತ್ರದಿಂದ ಒಳಗೇ ತುಂಡು ಮಾಡಿ ತೆಗೆಯುತ್ತಾರೆ. ಉಳಿದುಹೋದ ಚೂರು ಕರುಳಿಗೋ ಹೊಟ್ಟೆಯ ಒಳಪೊರೆಗೋ ಅಂಟಿಕೊಂಡು, ಅಲ್ಲಿಂದಲೇ ರಕ್ತ ಪಡೆದು ಬೆಳೆಯಬಹುದು. ಗರ್ಭಕೋಶ ಪೂರ್ತಿ ತೆಗೆಸಿದವರಲ್ಲೂ ಹೀಗಾಗಿದ್ದುಂಟು. ಬಹಳ ಅಪರೂಪ, ಗಾಬರಿ ಬೇಡ.

ಆಪರೇಷನ್ ಆದವರು ಮೊದಲು ಆಸ್ಪತ್ರೆಯಿಂದ ಆಪರೇಷನ್ ನೋಟ್ಸ್ (ಒಳಗೆ ಏನೇನು ಮಾಡಿದರು ಅನ್ನೋ ಡಾಕ್ಟರ ದಾಖಲೆ) ಕೇಳಿ ಪಡೆಯಿರಿ. ಡಿಸ್ಚಾರ್ಜ್ ಸಮ್ಮರಿ ಸಾಲದು. ನನ್ನದರಲ್ಲಿ 'ಗಡ್ಡೆ ತೆಗೆಯಲಾಗಿದೆ' ಅಂತಷ್ಟೇ ಇತ್ತು. ಮಾರ್ಸಲೇಟರ್ ಬಳಸಿದ್ದರು, ಚೂರು ಹೊಟ್ಟೆಯೊಳಗೆ ಚೆಲ್ಲದಂತೆ ಹಿಡಿಯುವ ಚೀಲ ಬಳಸಿರಲಿಲ್ಲ ಅನ್ನೋದು ನೋಟ್ಸ್‌ನ ಎರಡನೇ ಪುಟದಲ್ಲಿತ್ತು. ಬಯಾಪ್ಸಿ ರಿಪೋರ್ಟನ್ನೂ ಅದರ ಜೊತೆಗೇ ಇಡಿ.

ಇನ್ನು ಮುಂದೆ ಆಪರೇಷನ್ ಮಾಡಿಸುವವರು 'ಹೇಗೆ ಹೊರಗೆ ತೆಗೀತೀರಿ, ಚೀಲದೊಳಗೆ ಇಟ್ಟು ಕತ್ತರಿಸ್ತೀರಾ?' ಅಂತ ನೇರವಾಗಿ ಕೇಳಿ. ಗಡ್ಡೆಯಲ್ಲಿ ಗೊತ್ತಾಗದ ಕ್ಯಾನ್ಸರ್ ಇದ್ದರೆ ಅದೂ ಹರಡೀತು ಎಂದು 2014ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಈ ಯಂತ್ರದ ಬಗ್ಗೆ ಎಚ್ಚರಿಸಿತ್ತು. ಯಂತ್ರ ಬಳಸಲೇಬೇಕಾದರೆ ಚೀಲದೊಳಗೇ ಕತ್ತರಿಸಿ ಅಂತ 2020ರಲ್ಲಿ ಹೇಳಿತು. ಈ ಪ್ರಶ್ನೆ ಕೇಳೋಕೆ ಯಾವ ಸಂಕೋಚವೂ ಬೇಡ.

ಆಪರೇಷನ್ ಆದವರು ತಿಂಗಳಿಗೊಮ್ಮೆ ಮಲಗಿಕೊಂಡು ಒಂದೊಂದು ಕಲೆಯನ್ನೂ ಬೆರಳ ತುದಿಯಿಂದ ಒತ್ತಿ ನೋಡಿ. ಹೊಸ ಗಂಟು, ಕಾರಣವಿಲ್ಲದ ಹೊಟ್ಟೆ ಭಾರ, ಪದೇ ಪದೇ ಮೂತ್ರ, ಯಾವುದಿದ್ದರೂ ತೋರಿಸಿ. ಸ್ಕ್ಯಾನಿಂಗ್ ಮಾಡುವವರಿಗೆ ಹಳೇ ಆಪರೇಷನ್ ವಿಷಯ ನೀವಾಗಿಯೇ ಹೇಳಿ. ಹೇಳದಿದ್ದರೆ ಇಂಥ ಗಂಟನ್ನು ಅಂಡಾಶಯದ ಗಡ್ಡೆ ಅಂದುಕೊಳ್ಳುವ ಸಾಧ್ಯತೆ ಇದೆ. ಅನುಮಾನ ಉಳಿದರೆ ಎಂಆರ್‌ಐ ಬೇಕಾ ಅಂತ ಕೇಳಿ. ಹಾರ್ಮೋನ್ ಮಾತ್ರೆ ತಗೊಳ್ತಿದ್ದರೆ ಅದನ್ನೂ ಹೇಳಿ, ಈ ಗಡ್ಡೆಗಳು ಬೆಳೆಯೋದೇ ಹಾರ್ಮೋನ್‌ನಿಂದ.

ಹೊಟ್ಟೆ ಉಬ್ಬಿ, ಜೋರು ನೋವಿನ ಜೊತೆ ವಾಂತಿಯಾಗಿ, ಗ್ಯಾಸೂ ಹೋಗದಿದ್ದರೆ ಕರುಳು ಕಟ್ಟಿಕೊಂಡಿರಬಹುದು. ಆಗ ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ, ಆ ಫೈಲ್ ಕೈಯಲ್ಲಿರಲಿ.